ಮೆಕ್ಯಾನಿಕಲ್ ಮಾಡ್ ಬಿಸಿಯಾದರೆ, ಸರಿಯಾಗಿ ಉರಿಯದಿದ್ದರೆ: ಬ್ಯಾಟರಿ ಮತ್ತು ಕಾಯಿಲ್ ದೋಷಗಳನ್ನು ಲಕ್ಷಣದಿಂದ ಹುಡುಕುವ ಕ್ರಮ

ಮೆಕ್ಯಾನಿಕಲ್ ಮಾಡ್ ಎಂಬುದು ಇ-ಸಿಗರೇಟಿನ, ಅಂದರೆ ದ್ರವವನ್ನು ಬ್ಯಾಟರಿಯಿಂದ ಕಾಯಿಸಿ ಆವಿ ಸೇದುವ ಸಾಧನದ, ಒಂದು ಬಗೆ. ಮಂಗಳೂರು, ಉಡುಪಿಯ ಕಡೆ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರು ಒಬ್ಬರೂ ಇಲ್ಲದ ಕುಟುಂಬ ಅಪರೂಪ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2019ರಿಂದ ಇ-ಸಿಗರೇಟ್ ಮಾರಾಟಕ್ಕೆ ಅನುಮತಿ ಇದೆ. ಅದೇ 2019ರಲ್ಲಿ ಭಾರತದಲ್ಲಿ ಬಂದ ಕೇಂದ್ರದ ಕಾಯ್ದೆಯು ಇ-ಸಿಗರೇಟಿನ ತಯಾರಿಕೆ, ಆಮದು, ರಫ್ತು, ಸಾಗಾಟ, ಮಾರಾಟ, ಸಂಗ್ರಹ ಮತ್ತು ಜಾಹೀರಾತನ್ನು ನಿಷೇಧಿಸಿದೆ. ಕರ್ನಾಟಕವಂತೂ 2016ರಲ್ಲಿಯೇ ನಿಷೇಧ ಹೇರಿತ್ತು. ಆದ್ದರಿಂದ ಊರಿಗೆ ಬರುವಾಗ ಪೆಟ್ಟಿಗೆಯಲ್ಲಿ ಇಂಥ ಸಾಧನವನ್ನು ತರುವುದು ಇಲ್ಲಿ ಅಪರಾಧವಾಗುತ್ತದೆ ಎಂಬುದನ್ನು ಮೊದಲೇ ಹೇಳುತ್ತೇನೆ. ಈ ಬರಹವು ಯಾರನ್ನೂ ಇದರತ್ತ ಸೆಳೆಯುವುದಕ್ಕಲ್ಲ. ಇದನ್ನು ಕಾನೂನುಬದ್ಧವಾಗಿ ಬಳಸಬಹುದಾದ ದೇಶಗಳಲ್ಲಿರುವ ನಮ್ಮವರೂ, ಈಗಾಗಲೇ ಕೈಯಲ್ಲಿಟ್ಟುಕೊಂಡು ಅದರ ಸ್ವಭಾವ ತಿಳಿಯದವರೂ ಬೆರಳನ್ನೋ ಹಲ್ಲನ್ನೋ ಪ್ರಾಣವನ್ನೋ ಕಳೆದುಕೊಳ್ಳಬಾರದೆಂಬ ಕಾಳಜಿಯಿಂದ ಬರೆದದ್ದು. 2018ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಮತ್ತು 2019ರಲ್ಲಿ ಟೆಕ್ಸಸ್‌ನಲ್ಲಿ ಇಂಥ ಸಾಧನಗಳು ಸಿಡಿದು ತಲಾ ಒಬ್ಬರು ಸತ್ತಿದ್ದಾರೆ.

ಮೆಕ್ಯಾನಿಕಲ್ ಮಾಡ್ ಎಂದರೆ ಲೋಹದ ಕೊಳವೆ, ಅದರೊಳಗೆ ಒಂದು ಲಿಥಿಯಂ-ಅಯಾನ್ ಸೆಲ್, ಕೆಳಗೆ ಬಟನ್, ಮೇಲೆ ಕಾಯಿಲ್ (ಕಾದು ದ್ರವವನ್ನು ಆವಿಯಾಗಿಸುವ ತಂತಿಯ ಸುರುಳಿ) ಇರುವ ಅಟಾಮೈಜರ್. ಇವುಗಳ ನಡುವೆ ಯಾವ ಎಲೆಕ್ಟ್ರಾನಿಕ್ ಸರ್ಕ್ಯೂಟೂ ಇಲ್ಲ. ಶಾರ್ಟ್ ಆದರೆ ಕಡಿತಗೊಳಿಸುವ, ಬ್ಯಾಟರಿ ಖಾಲಿಯಾದರೆ ನಿಲ್ಲಿಸುವ, ಬಟನ್ ಸಿಕ್ಕಿಕೊಂಡರೆ ಹತ್ತು ಸೆಕೆಂಡಿನಲ್ಲಿ ಆರಿಸುವ ಯಾವ ಚಿಪ್ಪೂ ಇಲ್ಲ. ಹಾಗಾಗಿ ಇಲ್ಲಿ ಕಾಣುವ ಬಹುತೇಕ ದೋಷಗಳು ಎರಡೇ ಬಗೆಯವು: ರೋಧ (ವಿದ್ಯುತ್ ಹರಿವಿಗೆ ಒಡ್ಡುವ ತಡೆ) ಇರಬಾರದ ಕಡೆ ರೋಧ ಹುಟ್ಟಿಕೊಂಡಿರುತ್ತದೆ, ಇಲ್ಲವೇ ರೋಧ ಇರಬೇಕಾದ ಕಡೆ ಅದು ಇಲ್ಲವಾಗಿರುತ್ತದೆ. ಮೊದಲನೆಯದು ಆವಿಯನ್ನು ಕಡಿಮೆ ಮಾಡಿ ಸಾಧನವನ್ನು ಬಿಸಿ ಮಾಡುತ್ತದೆ, ಎರಡನೆಯದು ಬ್ಯಾಟರಿಯನ್ನೇ ಸಿಡಿಸಬಲ್ಲದು. ಯಾವ ಲಕ್ಷಣ ಕಂಡರೂ ಇದು ಯಾವ ಬಗೆಯದು ಎಂದು ಮೊದಲು ಕೇಳಿಕೊಳ್ಳಬೇಕು.

ಲೆಕ್ಕಕ್ಕೆ ಹತ್ತನೆಯ ತರಗತಿಯ ಓಮ್‌ನ ನಿಯಮ ಸಾಕು. ಪೂರ್ಣ ಚಾರ್ಜ್ ಆದ ಸೆಲ್‌ನ ವೋಲ್ಟೇಜ್ 4.2. ಅದನ್ನು ಕಾಯಿಲ್‌ನ ರೋಧದಿಂದ ಭಾಗಿಸಿದರೆ ಸೆಲ್‌ನಿಂದ ಹರಿಯುವ ವಿದ್ಯುತ್ ಪ್ರವಾಹ ಸಿಗುತ್ತದೆ. 0.5 ಓಮ್‌ಗೆ 8.4 ಆಂಪಿಯರ್, 0.3ಕ್ಕೆ 14, 0.2ಕ್ಕೆ 21, 0.1ಕ್ಕೆ 42. ಒಳ್ಳೆಯ ಹೆಸರಿರುವ ಸ್ಯಾಮ್‌ಸಂಗ್ 25ಆರ್, ಎಲ್‌ಜಿ ಎಚ್‌ಜಿ2 ಮುಂತಾದ 18650 ಎಂಬ ಗಾತ್ರದ ಸೆಲ್‌ಗಳ ನಿರಂತರ ಮಿತಿಯೇ 20 ಆಂಪಿಯರ್. ಸ್ಯಾಮ್‌ಸಂಗ್ 30ಕ್ಯೂ ಸೆಲ್‌ನದು 15. ಈ ಸೆಲ್‌ಗಳನ್ನು ತಯಾರಿಸುವ ಸ್ಯಾಮ್‌ಸಂಗ್, ಎಲ್‌ಜಿ ಕಂಪನಿಗಳು ಬಿಡಿ ಸೆಲ್‌ಗಳನ್ನು ಇ-ಸಿಗರೇಟಿನಲ್ಲಿ ಬಳಸಬಾರದೆಂದೇ ಹೇಳಿವೆ ಎಂಬುದೂ ನೆನಪಿನಲ್ಲಿರಲಿ.

ಪರೀಕ್ಷೆಗೆ ಮುನ್ನ

ಎರಡು ಉಪಕರಣಗಳು ಬೇಕು. ಒಂದು, ವೋಲ್ಟೇಜ್ ಅಳೆಯಲು ಸಾಧಾರಣ ಡಿಜಿಟಲ್ ಮಲ್ಟಿಮೀಟರ್. ಇದು ಹಂಪನಕಟ್ಟೆಯ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತದೆ. ಎರಡನೆಯದು, ಕಾಯಿಲ್‌ನ ರೋಧ ಅಳೆಯುವ ಓಮ್ ರೀಡರ್. ಮಲ್ಟಿಮೀಟರ್ ಇರುವಾಗ ಇದೇಕೆ ಎಂದು ಕೇಳುವವರಿದ್ದಾರೆ. ಸಾಧಾರಣ ಮಲ್ಟಿಮೀಟರಿನ ವೈರುಗಳಿಗೇ 0.2ರಿಂದ 0.5 ಓಮ್‌ವರೆಗೆ ರೋಧವಿರುತ್ತದೆ. ಎರಡು ಮೊನೆಗಳನ್ನು ಒಂದಕ್ಕೊಂದು ತಾಗಿಸಿ ನೋಡಿದರೆ ಅದು ಪರದೆಯ ಮೇಲೆಯೇ ಕಾಣುತ್ತದೆ. ಅಳೆಯಬೇಕಾದ ವಸ್ತುವಿನಷ್ಟೇ ದೊಡ್ಡ ತಪ್ಪು ಅಳತೆಗೋಲಿನಲ್ಲಿರುವಾಗ, ಅದು ತೋರಿಸಿದ 0.4 ನಿಜವಾಗಿ 0.1 ಆಗಿರಬಹುದು. ಅಂದರೆ 10 ಆಂಪಿಯರ್ ಎಂದು ನಂಬಿದಲ್ಲಿ 42 ಆಂಪಿಯರ್ ಹರಿಯಬಹುದು. ಓಮ್ ರೀಡರ್ ಇಲ್ಲದವರು ಕಾಯಿಲ್ ಸುತ್ತುವ ಕೆಲಸಕ್ಕೆ ಕೈ ಹಾಕಲೇಬಾರದು.

ಪರೀಕ್ಷೆಯನ್ನು ಮರದ ಮೇಜಿನ ಮೇಲೆ, ಒಣಗಿದ ಕೈಯಿಂದ, ಸೆಲ್ ಹೊರತೆಗೆದು ಆರಂಭಿಸಬೇಕು. ಸ್ಟೀಲ್ ತಟ್ಟೆ, ಬೀಗದ ಕೈ, ಚಿಲ್ಲರೆ ಹತ್ತಿರ ಇರಬಾರದು.

ಹಿಸ್ ಎಂಬ ಸದ್ದು, ಸಿಹಿಮಿಶ್ರಿತ ರಾಸಾಯನಿಕ ವಾಸನೆ, ಕೈಯಲ್ಲಿ ಹಿಡಿಯಲಾಗದ ಬಿಸಿ

ಈ ಲಕ್ಷಣಕ್ಕೆ ಪರೀಕ್ಷೆ ಎಂಬುದಿಲ್ಲ, ಕೂಡಲೇ ದೂರವಾಗಬೇಕು. ಸೆಲ್‌ನ ಒಳಗೆ ಉಷ್ಣತೆ ಹಿಡಿತ ತಪ್ಪಿದಾಗ ಅದರ ಎಲೆಕ್ಟ್ರೋಲೈಟ್ ಆವಿಯಾಗಿ ಧನಧ್ರುವದ ಬಳಿಯ ಕವಾಟದಿಂದ ಹೊರನುಗ್ಗುತ್ತದೆ. ಹಿಸ್ ಸದ್ದು ಅದರದ್ದೇ. ಅಲ್ಲಿಂದ ಬೆಂಕಿಗೆ ಕೆಲವೇ ಸೆಕೆಂಡು ಉಳಿದಿರಬಹುದು. ಕೊಳವೆಯನ್ನು ಬಿಚ್ಚಿ ಸೆಲ್ ಉಳಿಸಲು ಹೋಗಬಾರದು, ಏಕೆಂದರೆ ಆ ಹೊತ್ತಿನಲ್ಲಿ ತಿರುಪು ಬಿಚ್ಚುವ ಕೈಯೇ ಸಿಡಿತದ ದಾರಿಯಲ್ಲಿರುತ್ತದೆ. ಸಾಧನವನ್ನು ಜನರಿಲ್ಲದ ಅಂಗಳಕ್ಕೆ, ಮಣ್ಣು ಅಥವಾ ಸಿಮೆಂಟಿನ ನೆಲಕ್ಕೆ ಎಸೆದು, ಎಲ್ಲರನ್ನೂ ಗಾಳಿ ಬರುವ ಬದಿಗೆ ಸರಿಸಬೇಕು. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಅದು ಶ್ವಾಸಕೋಶಕ್ಕೆ ವಿಷ. ಬೆಂಕಿ ಹತ್ತಿದರೆ ದೂರದಿಂದ ಧಾರಾಳವಾಗಿ ನೀರು ಸುರಿಯಬಹುದು. ಲಿಥಿಯಂ ಎಂದ ಕೂಡಲೇ ನೀರು ಹಾಕಬಾರದು ಎಂಬ ಭಯ ಲಿಥಿಯಂ ಲೋಹಕ್ಕೆ ಸಂಬಂಧಿಸಿದ್ದು. ಈ ಬಗೆಯ ಸಣ್ಣ ಸೆಲ್‌ಗಳಲ್ಲಿ ಮುಖ್ಯವಾಗಿ ಬೇಕಾದದ್ದು ತಂಪು. ಭಾರತದಲ್ಲಿ ಅಗ್ನಿಶಾಮಕ ದಳಕ್ಕೆ 101, ತುರ್ತು ನೆರವಿಗೆ 112.

ಒಮ್ಮೆ ಹೀಗಾದ ಸೆಲ್ ತಣ್ಣಗಾಗಿ, ನೋಡಲು ಸರಿಯಾಗಿದ್ದರೂ ಮತ್ತೆ ಬಳಸುವಂತಿಲ್ಲ, ಚಾರ್ಜರಿಗೆ ಹಾಕುವಂತೆಯೂ ಇಲ್ಲ.

ಬಟನ್ ಒತ್ತಿದರೆ ಏನೂ ಆಗುವುದಿಲ್ಲ

ಅಪಾಯದ ದೃಷ್ಟಿಯಿಂದ ಇದು ಸಾಮಾನ್ಯವಾಗಿ ಸೌಮ್ಯ ಲಕ್ಷಣ, ಆದರೆ ಒಂದು ಅಪವಾದವಿದೆ. ಬಟನ್ ಒತ್ತಿದಾಗ ಕಾಯಿಲ್ ತಣ್ಣಗಿದ್ದು ಕೊಳವೆ ಬಿಸಿಯಾಗುತ್ತಿದ್ದರೆ ಅದು ನೇರ ಶಾರ್ಟ್. ಎರಡನೆಯ ಬಾರಿ ಒತ್ತದೆ ಸೆಲ್ ಹೊರತೆಗೆದು, ಮುಂದೆ ಬರುವ ಹೈಬ್ರಿಡ್ ಮುಚ್ಚಳದ ಭಾಗವನ್ನು ಓದಬೇಕು.

ಕೊಳವೆಯೂ ತಣ್ಣಗಿದ್ದರೆ ಮೊದಲು, ಬಟನ್ ಒತ್ತದಂತೆ ತಡೆಯುವ ಬೀಗದ ಉಂಗುರ ನೋಡಿ. ಹಲವು ಮಾಡ್‌ಗಳಲ್ಲಿ ಅದರ ತಿರುಪು ಎಡಗೈ ದಿಕ್ಕಿನದಾಗಿದ್ದು, ಬಿಚ್ಚಿದೆವೆಂದುಕೊಂಡವರು ಬಿಗಿ ಮಾಡಿರುತ್ತಾರೆ. ಆಮೇಲೆ ಸೆಲ್‌ನ ವೋಲ್ಟೇಜ್ ಅಳೆಯಿರಿ. 3.2ಕ್ಕಿಂತ ಕೆಳಗಿದ್ದರೆ ಅದು ಖಾಲಿ, ಚಾರ್ಜ್ ಮಾಡಬಹುದು. 2.5ಕ್ಕಿಂತ ಕೆಳಗಿಳಿದಿದ್ದರೆ ಆ ಸೆಲ್‌ನ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು. ಅದಕ್ಕಿಂತಲೂ ಬಹಳ ಕೆಳಗಿಳಿದಾಗ ಒಳಗಿನ ತಾಮ್ರದ ಹಾಳೆ ಕರಗಲು ತೊಡಗಿ, ಮತ್ತೆ ಚಾರ್ಜ್ ಮಾಡುವಾಗ ಅದೇ ತಾಮ್ರ ಒಳಗಡೆ ಶಾರ್ಟ್ ಉಂಟುಮಾಡಬಲ್ಲದು. ಮೆಕ್ಯಾನಿಕಲ್ ಮಾಡ್ ತಾನಾಗಿ ನಿಲ್ಲಿಸುವುದಿಲ್ಲವಾದ್ದರಿಂದ, ಆವಿ ತುಸು ಕಡಿಮೆಯಾಯಿತು ಎನ್ನಿಸಿದಾಗಲೇ ಸೆಲ್ ಬದಲಿಸುವ ರೂಢಿ ಇರಬೇಕು.

ಸೆಲ್ ಸರಿಯಿದ್ದರೆ ಓಮ್ ರೀಡರ್ ಮೇಲೆ ಅಟಾಮೈಜರ್ ಕೂರಿಸಿ. ಅದು ಯಾವ ಸಂಖ್ಯೆಯನ್ನೂ ತೋರಿಸದಿದ್ದರೆ ಕಾಯಿಲ್‌ನ ಕಾಲು (ತಂತಿಯ ತುದಿ) ತುಂಡಾಗಿದೆ ಅಥವಾ ಸ್ಕ್ರೂ ಸಡಿಲವಾಗಿದೆ. ಸರಿಯಾದ ಸಂಖ್ಯೆ ತೋರಿಸಿದರೆ ಸೆಲ್‌ಗೂ ಅಟಾಮೈಜರಿನ ನಡುಕಡ್ಡಿಗೂ (ಅದರ ತಳದ ನಡುವಿನ ಸಂಪರ್ಕ ಕಡ್ಡಿ) ಸಂಪರ್ಕವಾಗುತ್ತಿಲ್ಲ. ಕೆಳಗಿನ ಸಂಪರ್ಕದ ಎತ್ತರ ಹೊಂದಿಸಿದರೆ ಸರಿಹೋಗುತ್ತದೆ. ಸೆಲ್ ಅಲುಗಾಡದಂತೆ ಕೂರಬೇಕು, ಆದರೆ ಅದುಮಿದಂತೆ ಆಗಬಾರದು.

ಉರಿಯುತ್ತದೆ, ಆದರೆ ಆವಿ ದುರ್ಬಲ, ಬಟನ್ ಬಿಸಿಯಾಗುತ್ತದೆ

“ಬಟನ್ ಬಿಸಿ ಆಗ್ತದೆ, ಹೊಗೆ ಬರುದಿಲ್ಲ” ಎಂದು ನಮ್ಮ ಕಡೆಯವರು ಹೇಳುವ ಈ ದೂರು ಮೊದಲ ಬಗೆಯ ದೋಷದ ಸ್ಪಷ್ಟ ಉದಾಹರಣೆ. ಅಡಿಕೆ ತೋಟದ ಪೈಪು ನಡುವೆ ಮಡಚಿಕೊಂಡರೆ ಪಂಪಿನ ಶಕ್ತಿಯೆಲ್ಲ ಆ ಮಡಿಕೆಯಲ್ಲಿಯೇ ವ್ಯರ್ಥವಾಗಿ ತುದಿಯಲ್ಲಿ ನೀರು ತೊಟ್ಟಿಕ್ಕುವಂತೆ, ಕೊಳೆಯಾದ ಸಂಪರ್ಕದಲ್ಲಿ ವೋಲ್ಟೇಜ್ ಬಿದ್ದುಹೋಗಿ ಕಾಯಿಲ್‌ಗೆ ತಲುಪುವುದು ಕಡಿಮೆಯಾಗುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ವ್ಯರ್ಥವಾದದ್ದು ಬಿಸಿಯಾಗಿ ನಿಮ್ಮ ಕೈಗೆ ಬರುತ್ತದೆ. ಬಟನ್‌ನ ಸಂಪರ್ಕದಲ್ಲಿ ಕೇವಲ 0.03 ಓಮ್ ಹೆಚ್ಚುವರಿ ರೋಧವಿದ್ದು 12 ಆಂಪಿಯರ್ ಹರಿದರೆ ಅಲ್ಲಿ 0.36 ವೋಲ್ಟ್ ಕಳೆದುಹೋಗುತ್ತದೆ, ಸುಮಾರು 4.3 ವ್ಯಾಟ್ ಬಿಸಿ ಹುಟ್ಟುತ್ತದೆ. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ವ್ಯಾಟ್ ಎಂದರೆ ಕಡಿಮೆಯೇನಲ್ಲ.

ಕರಾವಳಿಯಲ್ಲಿ ಈ ದೋಷ ಬೇಗ ಬರುತ್ತದೆ. ಇಲ್ಲಿನ ಗಾಳಿಯಲ್ಲಿ ಉಪ್ಪಿದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳೇ ಬೆವರುವಷ್ಟು ತೇವವಿದೆ. ತಾಮ್ರ, ಹಿತ್ತಾಳೆಯ ಕೊಳವೆಗಳು ಕೆಲವೇ ದಿನಗಳಲ್ಲಿ ಕಪ್ಪಾಗಿ, ತಿರುಪಿನ ಸಂದುಗಳಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಮಲ್ಪೆ, ಕಾಪು, ಪಣಂಬೂರಿನ ಕಡಲ ತಡಿಯಲ್ಲಿ ಜೇಬಿಗೆ ಸೇರಿದ ಮರಳು ತಿರುಪಿನೊಳಗೆ ಕೂತರೆ ಮುಚ್ಚಳ ಪೂರ್ತಿ ಕೂರುವುದೇ ಇಲ್ಲ. ಕಿಲುಬು ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುವುದಿಲ್ಲ ಎಂಬುದೇ ಇಡೀ ಸಮಸ್ಯೆ.

ಆದ್ದರಿಂದ ಮೊದಲ ಪರೀಕ್ಷೆಗೆ ಕಾಸೂ ಬೇಡ. ಸೆಲ್ ತೆಗೆದು, ಸೆಲ್ ತಾಗುವ ಎರಡೂ ತುದಿ, ಬಟನ್‌ನ ಒಳಭಾಗ ಮತ್ತು ಎಲ್ಲ ತಿರುಪುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ಹೊರಮೈಗೆ ಹುಣಸೆಹಣ್ಣು ತಿಕ್ಕಿದರೆ ಹೊಳಪು ಬರುತ್ತದೆ ನಿಜ, ಆದರೆ ತಿರುಪುಗಳ ಒಳಗೆ ಅದನ್ನು ಬಳಸದಿರುವುದು ಒಳ್ಳೆಯದು. ತೊಳೆದ ನಂತರ ಉಳಿದ ಆಮ್ಲದ ತೇವ ಅಲ್ಲಿಯೇ ಮತ್ತೆ ಕಿಲುಬು ತರುತ್ತದೆ. ಸಂಪರ್ಕಕ್ಕೆ ಬೆಳ್ಳಿಲೇಪವಿದ್ದರೆ ಮರಳುಕಾಗದ ತಾಗಿಸಲೇಬಾರದು.

ಒರೆಸಿದ ಮೇಲೂ ಬಿಸಿ ಉಳಿದರೆ, ಎಲ್ಲಿ ಬಿಸಿ ಎಂಬುದನ್ನು ಗಮನಿಸಬೇಕು. ಈ ಸಾಧನದಲ್ಲಿ ಬಿಸಿಯ ಜಾಗವೇ ದೋಷದ ವಿಳಾಸ. ಬಟನ್ ಮಾತ್ರ ಬಿಸಿಯಾದರೆ ದೋಷ ಸ್ಪ್ರಿಂಗ್ ಅಥವಾ ಬಟನ್ ಸಂಪರ್ಕದಲ್ಲಿದೆ. ಪ್ರವಾಹ ಸ್ಪ್ರಿಂಗ್‌ನ ಮೂಲಕವೇ ಹರಿಯುತ್ತಿದ್ದರೆ ಅದು ಕಾದು, ಬಿಗುವು ಕಳೆದುಕೊಂಡು ಕುಸಿಯುತ್ತದೆ, ಆಗ ಬಟನ್ ಒತ್ತಿದ ಸ್ಥಿತಿಯಲ್ಲಿಯೇ ನಿಂತುಬಿಡಬಹುದು. ಸ್ಪ್ರಿಂಗ್ ಬದಲು ಅಯಸ್ಕಾಂತವಿದ್ದರೆ ಅದೂ ಬಿಸಿಗೆ ಸೋಲುತ್ತದೆ: ಸಾಮಾನ್ಯ ನಿಯೋಡಿಮಿಯಂ ಅಯಸ್ಕಾಂತಗಳು ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತವೆ. ಆದ್ದರಿಂದ ಬಟನ್ ಬಿಸಿಯನ್ನು “ಸ್ವಲ್ಪ ಬಿಸಿ ಅಷ್ಟೇ” ಎಂದು ಸಹಿಸುತ್ತ ಹೋಗುವುದು ಮೊದಲ ಬಗೆಯ ದೋಷವನ್ನು ಎರಡನೆಯ ಬಗೆಗೆ ಬೆಳೆಸಿದಂತೆ.

ಮೇಲ್ಭಾಗ ಮಾತ್ರ ಬಿಸಿಯಾದರೆ ಬಹಳ ಸಲ ಅದು ಕಾಯಿಲ್‌ನಿಂದಲೇ ಇಳಿದ ಬಿಸಿ. ನಡುವೆ ಬಿಡುವು ಕೊಟ್ಟರೆ ಕಡಿಮೆಯಾಗುತ್ತದೆ. ಕೊಳವೆಯ ನಡುಭಾಗ, ಅಂದರೆ ಸೆಲ್ ಇರುವ ಜಾಗವೇ ಬಿಸಿಯಾದರೆ ಸೆಲ್ ತನ್ನ ಮಿತಿ ಮೀರಿ ಪ್ರವಾಹ ಕೊಡುತ್ತಿದೆ ಎಂದರ್ಥ. ಇದಕ್ಕೆ ಒರೆಸುವುದು ಪರಿಹಾರವಲ್ಲ. ಬಳಕೆ ನಿಲ್ಲಿಸಿ, ಸೆಲ್ ತಣ್ಣಗಾದ ಮೇಲೆ ಕಾಯಿಲ್ ಮತ್ತು ಸೆಲ್ ಎರಡನ್ನೂ ಅಳೆಯಬೇಕು.

ಕಾಯಿಲ್‌ನ ರೋಧ ಅಳೆದಾಗಲೆಲ್ಲ ಬೇರೆ ಬೇರೆ ಬರುತ್ತದೆ, ಇಲ್ಲವೇ ಲೆಕ್ಕಕ್ಕಿಂತ ಕಡಿಮೆ ಬರುತ್ತದೆ

ಹೊಸ ಕಾಯಿಲ್ ಸುತ್ತಿದಾಗ, ಅಳೆಯುವ ಮೊದಲೇ ಎಷ್ಟು ಬರಬೇಕೆಂದು ಲೆಕ್ಕ ಹಾಕಿ ಬರೆದಿಟ್ಟುಕೊಳ್ಳಬೇಕು. ನಿರೀಕ್ಷೆ ಇಲ್ಲದವನಿಗೆ ತಪ್ಪು ಸಂಖ್ಯೆಯೂ ಸರಿಯೆಂದೇ ಕಾಣುತ್ತದೆ. 24 ಗೇಜ್ (ತಂತಿಯ ದಪ್ಪದ ಅಳತೆ) ಕಾಂತಾಲ್ ಎಂಬ ಮಿಶ್ರಲೋಹದ ತಂತಿಗೆ ಮೀಟರಿಗೆ ಸುಮಾರು 7 ಓಮ್, 26 ಗೇಜಿಗೆ ಸುಮಾರು 11.3 ಓಮ್ ರೋಧವಿರುತ್ತದೆ. 3 ಮಿಲಿಮೀಟರ್ ಒಳವ್ಯಾಸದ ಏಳು ಸುತ್ತಿನ ಕಾಯಿಲ್‌ಗೆ ಕಾಲುಗಳೂ ಸೇರಿ ಸುಮಾರು 87 ಮಿಲಿಮೀಟರ್ ತಂತಿ ಬೇಕು. 24 ಗೇಜ್ ಕಾಂತಾಲ್‌ನಲ್ಲಿ ಅದು 0.61 ಓಮ್ ಆಗುತ್ತದೆ. ಅಂಥವೇ ಎರಡು ಕಾಯಿಲ್ ಕೂರಿಸಿದರೆ ಅವು ಸಮಾಂತರವಾಗಿ ಸೇರುವುದರಿಂದ ರೋಧ ಅರ್ಧವಾಗಿ 0.3ರ ಹತ್ತಿರ ಬರುತ್ತದೆ. ಪ್ರವಾಹ 7ರಿಂದ 14 ಆಂಪಿಯರಿಗೆ ಏರುತ್ತದೆ. ಅದೇ ಅಳತೆಯಲ್ಲಿ ನೈಕ್ರೋಮ್ 80 ತಂತಿ ಬಳಸಿದರೆ ಒಂದು ಕಾಯಿಲ್ 0.46, ಎರಡು ಸೇರಿದರೆ 0.23, ಪ್ರವಾಹ 18 ಆಂಪಿಯರ್. ಸುತ್ತು ಬದಲಾಗಿಲ್ಲ, ನೋಡಲು ತಂತಿಯೂ ಒಂದೇ ಥರ, ಆದರೂ 15 ಆಂಪಿಯರ್ ಮಿತಿಯ ಸೆಲ್‌ಗೆ ಅದು ಮಿತಿ ಮೀರಿದ ಹೊರೆ. ತಂತಿಯ ಸುರುಳಿಗೆ ಚೀಟಿ ಅಂಟಿಸಿಡದವರು ಇಲ್ಲಿ ಎಡವುತ್ತಾರೆ.

ಲೆಕ್ಕ ಮತ್ತು ಅಳತೆ ಹೊಂದದಿದ್ದರೆ ಸುಲಭದ್ದರಿಂದ ಆರಂಭಿಸಿ. ಸಂಖ್ಯೆ ಏರುಪೇರಾಗುತ್ತಿದ್ದರೆ ಪೋಸ್ಟ್‌ಗಳ (ಕಾಯಿಲ್‌ನ ಕಾಲು ಸಿಕ್ಕಿಸುವ ಕಂಬಗಳು) ಸ್ಕ್ರೂ ಸಡಿಲವಾಗಿರುತ್ತದೆ. ತುಸು ಬಿಗಿ ಮಾಡಿ ಮತ್ತೆ ಅಳೆಯಿರಿ. ತಂತಿ ತುಂಡಾಗುವಷ್ಟು ಬಿಗಿ ಬೇಡ. ಸಂಖ್ಯೆ ಸ್ಥಿರವಾಗಿದ್ದು ಲೆಕ್ಕಕ್ಕಿಂತ ಕಡಿಮೆಯಿದ್ದರೆ ಕಾಯಿಲ್‌ನ ಕತ್ತರಿಸದ ಕಾಲು ಕೆಳಗಿನ ತಟ್ಟೆಗೋ ಹೊರಗಿನ ಉಂಗುರಕ್ಕೋ ತಾಗುತ್ತಿರಬಹುದು. ಭೂತಗನ್ನಡಿ ಹಿಡಿದು ನೋಡಿ, ಕಾಲನ್ನು ಒಪ್ಪವಾಗಿ ಕತ್ತರಿಸಿ. ಹೊರ ಮುಚ್ಚಳ ಹಾಕಿಯೂ ಒಮ್ಮೆ, ಹಾಕದೆಯೂ ಒಮ್ಮೆ ಅಳೆಯಲು ಮರೆಯಬಾರದು. ಮುಚ್ಚಳ ಹಾಕಿದಾಗ ಮಾತ್ರ ಸಂಖ್ಯೆ ಬಿದ್ದರೆ ಕಾಯಿಲ್ ಗೋಡೆಗೆ ತಾಗುತ್ತಿದೆ, ಮತ್ತು ಬಳಸುವಾಗ ಮುಚ್ಚಳ ಇದ್ದೇ ಇರುತ್ತದೆ. 0.05ಕ್ಕಿಂತ ಕಡಿಮೆ ತೋರಿಸಿದರೆ ಅದನ್ನು ಶಾರ್ಟ್ ಎಂದೇ ಪರಿಗಣಿಸಿ, ಆ ಅಟಾಮೈಜರನ್ನು ಮಾಡ್‌ನ ಹತ್ತಿರಕ್ಕೂ ತರಬಾರದು.

ಇವೆಲ್ಲ ಸರಿಯಿದ್ದೂ ಸಂಖ್ಯೆ ಕಡಿಮೆಯಿದ್ದರೆ ಧನ ಪೋಸ್ಟ್‌ನ ಸುತ್ತಲಿನ ಅವಾಹಕ ಉಂಗುರ ಕರಗಿಯೋ ಬಿರುಕುಬಿಟ್ಟೋ ಇರುತ್ತದೆ, ಅಥವಾ ಅಟಾಮೈಜರನ್ನು ಅತಿಯಾಗಿ ಬಿಗಿ ಮಾಡಿ ನಡುಕಡ್ಡಿ ಒಳಗೆ ಸರಿದಿರುತ್ತದೆ. ಕಾಯಿಲ್ ತೆಗೆದು ಖಾಲಿ ಅಟಾಮೈಜರನ್ನೇ ಅಳೆದರೆ ಸತ್ಯ ತಿಳಿಯುತ್ತದೆ. ಕಾಯಿಲ್ ಇಲ್ಲದಿರುವಾಗಲೂ ರೋಧದ ಸಂಖ್ಯೆ ಬಂದರೆ ಅವಾಹಕ ಹೋಗಿದೆ. ಇದನ್ನು ಟೇಪ್ ಸುತ್ತಿ ಸರಿಮಾಡಲು ಆಗುವುದಿಲ್ಲ, ಆ ಅಟಾಮೈಜರ್ ಕಸಕ್ಕೆ.

ಅಳೆಯುವಾಗ ಕಾಯಿಲ್ ತಣ್ಣಗಿರಬೇಕು. ಕಾಂತಾಲ್‌ನಲ್ಲಿ ಬಿಸಿಯಿಂದ ಆಗುವ ವ್ಯತ್ಯಾಸ ಅಲ್ಪ. ಸ್ಟೇನ್‌ಲೆಸ್ ಸ್ಟೀಲ್, ಅದಕ್ಕಿಂತಲೂ ನಿಕೆಲ್ ಮತ್ತು ಟೈಟಾನಿಯಂ ತಂತಿಗಳ ರೋಧ ಬಿಸಿಯಾದಂತೆ ಏರುತ್ತದೆ. ಅವನ್ನು ಬಿಸಿಯಿರುವಾಗ ಅಳೆದು ಸಮಾಧಾನಪಟ್ಟವರಿಗೆ, ಮುಂದಿನ ಸಲ ತಣ್ಣಗಿನ ಕಾಯಿಲ್ ಮೇಲೆ ಬಟನ್ ಒತ್ತಿದ ಕ್ಷಣದಲ್ಲಿ ಹರಿಯುವ ಪ್ರವಾಹದ ಅಂದಾಜೇ ಇರುವುದಿಲ್ಲ. ನಿಕೆಲ್, ಟೈಟಾನಿಯಂ ತಂತಿಗಳು ಉಷ್ಣತೆ ನಿಯಂತ್ರಿಸುವ ಸರ್ಕ್ಯೂಟ್ ಇರುವ ಸಾಧನಗಳಿಗೆ ಮಾಡಿದವು, ಮೆಕ್ಯಾನಿಕಲ್ ಮಾಡ್‌ಗೆ ಸಲ್ಲ.

ಎಷ್ಟು ಓಮ್ ಸುರಕ್ಷಿತ ಎಂಬ ಪ್ರಶ್ನೆಗೆ ನನ್ನ ಉತ್ತರ ಖಚಿತ: 0.5 ಓಮ್‌ಗಿಂತ ಕೆಳಗೆ ಇಳಿಯಬೇಡಿ. ಸೆಲ್ ಮೇಲೆ 20 ಆಂಪಿಯರ್ ಎಂದಿರುವಾಗ 0.21 ಸಾಕಲ್ಲವೇ ಎಂದು ವಾದಿಸುವವರು ಅಳತೆಯ ತಪ್ಪನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಓಮ್ ರೀಡರಿನಲ್ಲಿ 0.05ರಷ್ಟು ತಪ್ಪಿದ್ದರೆ 0.5 ಎಂದದ್ದು 0.45 ಆಗಿ, 8.4ರ ಬದಲು 9.3 ಆಂಪಿಯರ್ ಹರಿಯುತ್ತದೆ. ಅದರಿಂದ ಏನೂ ಆಗದು. ಅಷ್ಟೇ ತಪ್ಪು 0.2ರಲ್ಲಿ ಆದರೆ ನಿಜವಾದದ್ದು 0.15, ಪ್ರವಾಹ 28 ಆಂಪಿಯರ್. ರೋಧ ಕಡಿಮೆಯಾದಂತೆ ಸಣ್ಣ ತಪ್ಪಿನ ಬೆಲೆ ಏರುತ್ತ ಹೋಗುತ್ತದೆ. ಎರಡು ಸೆಲ್‌ಗಳನ್ನು ಒಂದರ ಮೇಲೊಂದು ಇಡುವ ಕೊಳವೆಗಳಲ್ಲಿ ವೋಲ್ಟೇಜ್ 8.4 ಆಗುವುದರಿಂದ 0.4 ಓಮ್ ಕೂಡ 21 ಆಂಪಿಯರ್ ಎಳೆಯುತ್ತದೆ. ಅಂಥವನ್ನು ಬಳಸದಿರುವುದೇ ಮೇಲು.

ಹೈಬ್ರಿಡ್ ಮುಚ್ಚಳದಲ್ಲಿ ಬಟನ್ ಒತ್ತಿದೊಡನೆ ಕೊಳವೆ ಬಿಸಿ

ಇದು ಬಹಳ ಗಂಭೀರ ದೋಷ. ಹೈಬ್ರಿಡ್ ಮುಚ್ಚಳದಲ್ಲಿ ಪ್ರತ್ಯೇಕ ಸಂಪರ್ಕ ತುಂಡು ಇರುವುದಿಲ್ಲ. ಅಟಾಮೈಜರಿನ ನಡುಕಡ್ಡಿಯೇ ನೇರವಾಗಿ ಸೆಲ್‌ನ ಧನಧ್ರುವದ ಮೇಲೆ ಕೂರುತ್ತದೆ. ಕಡ್ಡಿಯ ಸುತ್ತಲಿನ ತಿರುಪು ಕೊಳವೆಗೆ ಸೇರಿದ್ದು, ಕೊಳವೆ ಋಣದ ಬದಿ. ಕಡ್ಡಿ ತಿರುಪಿನಿಂದ ಹೊರಕ್ಕೆ ಚಾಚಿರದಿದ್ದರೆ ತಿರುಪಿನ ಅಂಚು ಧನಧ್ರುವವನ್ನು ಮುಟ್ಟುತ್ತದೆ, ಬಟನ್ ಒತ್ತಿದೊಡನೆ ಸೆಲ್‌ನ ಎರಡು ಧ್ರುವಗಳ ನಡುವೆ ಬರಿಯ ಲೋಹ ಮಾತ್ರ ಉಳಿಯುತ್ತದೆ. ಕಾಯಿಲ್ ಎಷ್ಟೇ ಓಮ್ ಇದ್ದರೂ ಆಗ ಲೆಕ್ಕಕ್ಕಿಲ್ಲ. ಓಮ್ ರೀಡರ್ ಈ ದೋಷವನ್ನು ತೋರಿಸುವುದಿಲ್ಲ ಎಂಬುದೇ ಇದರ ಅಪಾಯ. ಅಟಾಮೈಜರ್ ಸರಿಯಾಗಿಯೇ ಇರುತ್ತದೆ, ಜೋಡಣೆ ತಪ್ಪಿರುತ್ತದೆ.

ಪರೀಕ್ಷೆ ಕಣ್ಣಿನಿಂದಲೇ ಆಗಬೇಕು. ಅಟಾಮೈಜರನ್ನು ಅಡ್ಡ ಹಿಡಿದು ನೋಡಿದಾಗ ನಡುಕಡ್ಡಿ ತಿರುಪಿನ ಅಂಚಿಗಿಂತ ಸ್ಪಷ್ಟವಾಗಿ ಹೊರಗೆ ಕಾಣಬೇಕು, ಮತ್ತು ಬೆರಳಿನಿಂದ ಒತ್ತಿದರೆ ಒಳಗೆ ಹೋಗಬಾರದು. ಸ್ಪ್ರಿಂಗ್ ಇರುವ ಕಡ್ಡಿ, ಮಟ್ಟಸವಾಗಿರುವ ಕಡ್ಡಿ, ಸಿದ್ಧ ಕಾಯಿಲ್ ಹಾಕುವ ಟ್ಯಾಂಕುಗಳು ಹೈಬ್ರಿಡ್‌ಗೆ ನಿಷಿದ್ಧ. ಸಂದೇಹವಿದ್ದರೂ ಜೋಡಿಸಬೇಡಿ.

ಬಟನ್ ಮುಟ್ಟದಿದ್ದರೂ ತಾನಾಗಿ ಉರಿಯುತ್ತದೆ

ಬಟನ್ ಒಳಗೇ ಸಿಕ್ಕಿಕೊಂಡಿದ್ದರೆ ಕಾರಣ ಮರಳು, ಇಳಿದುಬಂದ ದ್ರವದ ಅಂಟು ಅಥವಾ ಕುಸಿದ ಸ್ಪ್ರಿಂಗ್. ಬಟನ್ ಸರಾಗವಾಗಿ ಮೇಲೆ ಬರುತ್ತಿದ್ದೂ ಉರಿಯುತ್ತಿದ್ದರೆ ಸೆಲ್‌ನ ಹೊದಿಕೆ ಹರಿದಿದೆಯೇ ನೋಡಿ. 18650 ಸೆಲ್‌ನ ಹೊರಗಿನ ಲೋಹದ ಡಬ್ಬಿ ಪೂರ್ತಿಯಾಗಿ ಋಣಧ್ರುವ, ಧನಧ್ರುವದ ಸುತ್ತಲಿನ ಭುಜವೂ ಸೇರಿ. ಅದನ್ನು ಕೊಳವೆಯಿಂದ ಬೇರೆಯಾಗಿಡುವುದು ಕಾಗದದಷ್ಟು ತೆಳುವಾದ ಆ ಪ್ಲಾಸ್ಟಿಕ್ ಹೊದಿಕೆ ಮಾತ್ರ. ಅದು ಎಲ್ಲಿ ಹರಿದರೂ ಪ್ರವಾಹ ಬಟನ್ನನ್ನು ಬಳಸುಹಾದಿಯಿಂದ ದಾಟಿ ಕೊಳವೆಗೆ ಹರಿಯುತ್ತದೆ. ಮೇಲ್ಭಾಗದಲ್ಲಿ, ಬಿಳಿಯ ಅವಾಹಕ ಉಂಗುರದ ಬಳಿ ಹರಿದರೆ ಧನಧ್ರುವವೂ ಭುಜವೂ ಒಂದೇ ಲೋಹಕ್ಕೆ ತಾಗಿ ನೇರ ಶಾರ್ಟ್ ಆಗುತ್ತದೆ.

ಉಗುರಿನ ಗೀರಿನಷ್ಟು ಹರಿದಿದ್ದರೂ ಆ ಸೆಲ್ ಬಳಸಬಾರದು. ಹೊಸ ಹೊದಿಕೆ ಮತ್ತು ಉಂಗುರ ಹಾಕಿ ಹೇರ್ ಡ್ರೈಯರಿನಿಂದ ಬಿಗಿ ಮಾಡಬಹುದು. ಆದರೆ ಕೆಳಗಿನ ಲೋಹದಲ್ಲಿ ತಗ್ಗೋ ತುಕ್ಕೋ ಕಂಡರೆ ಆ ಶ್ರಮ ಬೇಡ, ಸೆಲ್ ತ್ಯಜಿಸಿ. ಇನ್ಸುಲೇಶನ್ ಟೇಪ್ ಸುತ್ತುವುದು ಪರಿಹಾರವಲ್ಲ. ನಮ್ಮ ಸೆಖೆಗೆ ಅದರ ಅಂಟು ಕರಗಿ ಸರಿದುಹೋಗುತ್ತದೆ.

ಈ ಸಂದರ್ಭದಲ್ಲಿಯೇ ಕೊಳವೆಯ ಗಾಳಿಕಿಂಡಿಗಳನ್ನೂ ಬೆಳಕಿಗೆ ಹಿಡಿದು ನೋಡಿ. ಸೆಲ್ ಅನಿಲ ಬಿಟ್ಟಾಗ ಅದು ಹೊರಹೋಗಬೇಕಾದ ದಾರಿ ಅದೇ. ಕಿಂಡಿ ಮುಚ್ಚಿಹೋದ ಅಥವಾ ಕಿಂಡಿಯೇ ಇಲ್ಲದ ಕೊಳವೆ ಒತ್ತಡ ತಡೆಯಲಾರದೆ ಸಿಡಿಯುತ್ತದೆ. ಅಲಂಕಾರಕ್ಕೆ ಹಾಕುವ ರಬ್ಬರ್ ಕವಚಗಳು ಇವನ್ನು ಮುಚ್ಚುವುದುಂಟು.

ಪೂರ್ಣ ಚಾರ್ಜ್ ಆದರೂ ಬೇಗ ಖಾಲಿ. ಚಾರ್ಜರಿನಲ್ಲಿ ಸೆಲ್ ಬಿಸಿ

ಚಾರ್ಜರಿನಿಂದ ತೆಗೆದ ಕೂಡಲೇ ವೋಲ್ಟೇಜ್ ಅಳೆಯಿರಿ. 4.25 ದಾಟಿದರೆ ಚಾರ್ಜರ್ ಕೆಟ್ಟಿದೆ, ಅದನ್ನು ಮತ್ತೆ ಬಳಸಬಾರದು. 4.2 ಇದ್ದ ಸೆಲ್ ಬಳಸದೆ ಇಟ್ಟು ಮರುದಿನ ಅಳೆದಾಗ 4.1ಕ್ಕಿಂತ ಕೆಳಗಿದ್ದರೆ ಒಳಗೆ ಸೋರಿಕೆಯಿದೆ ಎಂದರ್ಥ. ಅದಕ್ಕೆ ರಿಪೇರಿಯಿಲ್ಲ. ಬೇಸಿಗೆಯ ಮಧ್ಯಾಹ್ನ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಕಾದ ಸೆಲ್ಲನ್ನು ಹಾಗೆಯೇ ಚಾರ್ಜಿಗೆ ಹಾಕಬಾರದು. ಇವುಗಳ ಚಾರ್ಜಿಂಗ್‌ಗೆ ಸಾಮಾನ್ಯವಾಗಿ 45 ಡಿಗ್ರಿಯೇ ಮೇಲ್ಮಿತಿ. ಹಾಸಿಗೆಯ ಮೇಲೆ ಅಥವಾ ಎಲ್ಲರೂ ಮಲಗಿರುವಾಗ ಚಾರ್ಜ್ ಮಾಡುವುದು ಸಲ್ಲದು.

ಹೊಸ ಸೆಲ್ಲೇ ಹೀಗಾದರೆ ಅದು ನಕಲಿಯಾಗಿರಬಹುದು. 18650 ಗಾತ್ರದಲ್ಲಿ ನಿಜವಾಗಿ ಸಿಗುವ ಸಾಮರ್ಥ್ಯ ಸಾಮಾನ್ಯವಾಗಿ 3,600 ಮಿಲಿ ಆಂಪಿಯರ್-ಅವರ್‌ನ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. 9,900 ಎಂದು ಮುದ್ರಿಸಿದ್ದರೆ ಅದನ್ನು ಕೈಗೂ ತೆಗೆದುಕೊಳ್ಳಬೇಡಿ. 40 ಆಂಪಿಯರ್ ಎಂಬ ಬರಹ ಸಾಮಾನ್ಯವಾಗಿ ಕ್ಷಣಮಾತ್ರದ ಮಿತಿಯೇ ಹೊರತು ನಿರಂತರದ್ದಲ್ಲ. ಅಗ್ಗದ ಪರೀಕ್ಷೆಯೆಂದರೆ ತೂಕ: ಅಸಲಿ ಸೆಲ್ 43ರಿಂದ 48 ಗ್ರಾಂ ತೂಗುತ್ತದೆ, ಅದಕ್ಕಿಂತ ಬಹಳ ಹಗುರವಾದದ್ದು ಸಂಶಯಾಸ್ಪದ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಕಿತ್ತ ಸೆಲ್‌ಗಳು ಅಸಲಿಯೇ ಆಗಿದ್ದರೂ ಅವು ದೊಡ್ಡ ಪ್ರವಾಹಕ್ಕೆ ಮಾಡಿದವಲ್ಲ. ಟಾರ್ಚಿಗೆ ನಡೆದದ್ದು ಇಲ್ಲಿ ನಡೆಯದು.

ಬಿಡಿ ಸೆಲ್ಲನ್ನು ಜೇಬಿನಲ್ಲಿ ಬೀಗದ ಕೈ, ನಾಣ್ಯಗಳ ಜೊತೆ ಇಡಬಾರದು. ಪ್ಲಾಸ್ಟಿಕ್ ಡಬ್ಬಿ ಬೇಕೇ ಬೇಕು. ತೊಡೆಯ ಸುಟ್ಟಗಾಯಗಳು ಹೆಚ್ಚಾಗಿ ಈ ಒಂದು ಅಜಾಗರೂಕತೆಯಿಂದಲೇ ಆಗುವಂಥವು.

ಸುಟ್ಟಗಾಯವಾದರೆ, ಮತ್ತು ಕೆಟ್ಟ ಸೆಲ್ಲನ್ನು ಏನು ಮಾಡಬೇಕು

ಮೈಗೆ ಅಂಟಿರದ ಬಟ್ಟೆಯನ್ನು ಕೂಡಲೇ ತೆಗೆದು, ಗಾಯವನ್ನು ಹರಿಯುವ ನೀರಿನಡಿ ಇಪ್ಪತ್ತು ನಿಮಿಷ ಹಿಡಿಯಬೇಕು. ತೆಂಗಿನೆಣ್ಣೆ, ಟೂತ್‌ಪೇಸ್ಟ್, ಅರಿಶಿನ ಹಚ್ಚಬಾರದು. ಗಾಯ ಸಣ್ಣದೆನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ಎಲೆಕ್ಟ್ರೋಲೈಟಿನಿಂದ ಹುಟ್ಟುವ ಹೈಡ್ರೋಫ್ಲೋರಿಕ್ ಆಮ್ಲ ಚರ್ಮದಡಿಗೆ ಇಳಿದು ನಂತರ ನೋವು ಕೊಡಬಲ್ಲದು, ಮತ್ತು ಅದಕ್ಕೆ ಕ್ಯಾಲ್ಸಿಯಂ ಗ್ಲುಕೊನೇಟ್‌ನ ಬೇರೆಯೇ ಚಿಕಿತ್ಸೆ ಇದೆ. ಮಂಗಳೂರಿನ ವೆನ್ಲಾಕ್ ಜಿಲ್ಲಾಸ್ಪತ್ರೆಯಲ್ಲಾಗಲಿ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಾಗಲಿ, ವೈದ್ಯರಿಗೆ “ಲಿಥಿಯಂ ಬ್ಯಾಟರಿ ಸಿಡಿದದ್ದು” ಎಂದು ಮೊದಲ ಮಾತಿನಲ್ಲಿಯೇ ಹೇಳಬೇಕು. ಸಾಧನ ಯಾವುದೆಂದು ಹೇಳಲು ಸಂಕೋಚಪಟ್ಟು ಬೇರೇನೋ ಕಾರಣ ಕೊಟ್ಟರೆ ಸರಿಯಾದ ಚಿಕಿತ್ಸೆ ತಡವಾಗುತ್ತದೆ. ಆಂಬ್ಯುಲೆನ್ಸಿಗೆ 108. ಮುಖ, ಕಣ್ಣು, ಕೈಗಳ ಗಾಯಕ್ಕೆ ಮನೆಯ ಆರೈಕೆ ಸಾಕೆಂದು ಕಾಯಬಾರದು.

ನಿಕೋಟಿನ್ನನ್ನೇ ಬಿಡಲು ಬಯಸುವವರಿಗೆ ರಾಷ್ಟ್ರೀಯ ಕ್ವಿಟ್‌ಲೈನ್ 1800-11-2356 ಶುಲ್ಕವಿಲ್ಲದೆ ನೆರವು ಕೊಡುತ್ತದೆ. ಮೇಲಿನ ಲಕ್ಷಣಗಳಲ್ಲಿ ಯಾವುದೊಂದು ಪದೇ ಪದೇ ಮರಳುತ್ತಿದ್ದರೆ, ಮತ್ತೊಂದು ಅಟಾಮೈಜರ್ ಹುಡುಕುವುದಕ್ಕಿಂತ ಆ ಕರೆ ಮಾಡುವುದೇ ಒಳ್ಳೆಯದೆಂದು ನಾನು ಮನಸಾರೆ ಹೇಳುತ್ತೇನೆ.

ತ್ಯಜಿಸಿದ ಸೆಲ್ಲನ್ನು ಒಣಕಸಕ್ಕೆ ಹಾಕಬೇಡಿ. ಕಸದ ಲಾರಿಯಲ್ಲಿ ಒತ್ತಿದಾಗ ಅದು ಹೊತ್ತಿಕೊಂಡರೆ ಸುಡುವುದು ಅಲ್ಲಿ ದುಡಿಯುವವರ ಕೈ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಇಂಥ ಚಿಕ್ಕ ಬ್ಯಾಟರಿಗಳನ್ನೂ ಒಳಗೊಳ್ಳುತ್ತವೆ. ಸೆಲ್‌ನ ಎರಡೂ ತುದಿಗೆ ಟೇಪ್ ಅಂಟಿಸಿ, ಒಂದೊಂದನ್ನೂ ಬೇರೆಯಾಗಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು. ಅಲ್ಲಿಯವರೆಗೆ ಡಬ್ಬಿಯನ್ನು ಮಕ್ಕಳ ಕೈಗೆ ಸಿಗದಂತೆ, ಅಡುಗೆಮನೆಯಿಂದ ಮತ್ತು ಒಣಗಿದ ತೆಂಗಿನ ಗರಿ, ಸಿಪ್ಪೆಗಳ ರಾಶಿಯಿಂದ ದೂರವಾದ ಒಣ ಜಾಗದಲ್ಲಿ ಇಡಬೇಕು.